ಹಳೆಯ ಮೋಟಾರು ಎಂಜಿನ್ನಿನಲ್ಲಿ ಕಿಡಿಯ ಕಾಲ: ಅದನ್ನು ಪರೀಕ್ಷಿಸುವ ಮತ್ತು ಸರಿಪಡಿಸುವ ಕ್ರಮ

೧. ಪೀಠಿಕೆ

ಬಿತ್ತನೆಗೆ ಹದವಿರುವಂತೆ ಎಂಜಿನ್ನಿನ ಕಿಡಿಗೂ ಒಂದು ಹದವುಂಟು. ಬೀಜವು ಎಷ್ಟೇ ಉತ್ತಮವಾಗಿದ್ದರೂ ಹದಕ್ಕೆ ಮೊದಲು ಅಥವಾ ಹದ ಮೀರಿದ ಮೇಲೆ ಬಿತ್ತಿದಲ್ಲಿ ಪೈರು ಕುಂಠಿತವಾಗುವುದು. ಹಾಗೆಯೇ ಪೆಟ್ರೋಲು ಶುದ್ಧವಾಗಿದ್ದು ಕಿಡಿಯು ಪ್ರಬಲವಾಗಿದ್ದಾಗ್ಯೂ, ಅದು ತಕ್ಕ ಕ್ಷಣದಲ್ಲಿ ಹುಟ್ಟದಿದ್ದರೆ ಎಂಜಿನ್ನಿನ ಬಲವು ಕುಂದುವುದು, ಪೆಟ್ರೋಲಿನ ಖರ್ಚು ಹೆಚ್ಚುವುದು, ಕೊನೆಗೆ ಯಂತ್ರವೇ ಕೆಡುವುದು. ಕಿಡಿಯು ಹುಟ್ಟುವ ಈ ಕ್ಷಣವನ್ನು ಮೋಟಾರು ಕೆಲಸಗಾರರು ಟೈಮಿಂಗ್ ಎನ್ನುತ್ತಾರೆ. ಈ ಕರಪತ್ರದಲ್ಲಿ ಅದನ್ನು ಕಿಡಿಯ ಕಾಲವೆಂದು ಕರೆಯಲಾಗಿದೆ.

ಹೊಸ ಕಾರುಗಳಲ್ಲಿ ಕಿಡಿಯ ಕಾಲವನ್ನು ವಿದ್ಯುನ್ಮಾನ ಯಂತ್ರವೇ ನಿರ್ಣಯಿಸುವುದರಿಂದ ಅಲ್ಲಿ ಕೈಯಿಂದ ತಿರುಗಿಸಿ ಸರಿಪಡಿಸತಕ್ಕದ್ದು ಏನೂ ಇರುವುದಿಲ್ಲ. ಪಾಯಿಂಟುಗಳೂ ಡಿಸ್ಟ್ರಿಬ್ಯೂಟರೂ ಇರುವ ಹಳೆಯ ಎಂಜಿನ್ನುಗಳ ವಿಷಯವೇ ಬೇರೆ. ಅವುಗಳಲ್ಲಿ ಈ ಕಾಲವು ಸವೆತದಿಂದ ತಾನಾಗಿಯೇ ಸರಿಯುತ್ತ ಹೋಗುವುದು. ಮಾಲೀಕನೇ ಆಗಾಗ್ಗೆ ಪರೀಕ್ಷಿಸಬೇಕಾಗುವುದು.

ಇಲ್ಲಿ ಮುಖ್ಯ ಉದಾಹರಣೆಯಾಗಿ ಫೋರ್ಡ್ 'ಎ' ಮಾದರಿಯ ಎಂಜಿನ್ನನ್ನು ತೆಗೆದುಕೊಳ್ಳಲಾಗಿದೆ. ಈ ಗಾಡಿಯು ೧೯೨೭ರ ಡಿಸೆಂಬರ್ ತಿಂಗಳಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಅದರ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು ೪೮ ಲಕ್ಷ ಗಾಡಿಗಳು ಹೊರಬಿದ್ದಿದ್ದವು. ಇದೇ ಎಂಜಿನ್ನು 'ಎಎ' ಎಂಬ ಲಾರಿಯಲ್ಲಿಯೂ ಇದ್ದಿತು. ಆ ದೇಶದ ಅನೇಕ ರೈತರು ೧೯೩೦ರ ಮತ್ತು ೧೯೪೦ರ ದಶಕಗಳಲ್ಲಿ ಹಳೆಯ ಫೋರ್ಡ್ ಗಾಡಿಗಳನ್ನು ಕತ್ತರಿಸಿ ಜೋಡಿಸಿ ಉಳುವ ಟ್ರ್ಯಾಕ್ಟರನ್ನಾಗಿ ಮಾಡಿಕೊಂಡರು. ಇದರ ರಚನೆಯು ಸರಳವಾಗಿರುವುದರಿಂದ ಕಿಡಿಯ ಕಾಲದ ತತ್ತ್ವವನ್ನು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ನಮ್ಮ ಮಲೆನಾಡು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ಹಲವು ದಶಕಗಳ ಕಾಲ ದುಡಿದ ಜೀಪಿನ ಸಂಗತಿಯನ್ನು ಮುಂದೆ ೮ನೆಯ ಪ್ರಕರಣದಲ್ಲಿ ಹೇಳಿದೆ.

೨. ಕಿಡಿಯು ಏಕೆ ಮುಂಚಿತವಾಗಿ ಹುಟ್ಟಬೇಕು?

ಪಿಸ್ಟನ್ನು ಸಿಲಿಂಡರಿನಲ್ಲಿ ಮೇಲೇರುತ್ತ ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣವನ್ನು ಅದುಮುವುದು. ಅದು ತುತ್ತತುದಿಯನ್ನು ಮುಟ್ಟುವ ಸಮಯದಲ್ಲಿ ಮಿಶ್ರಣವು ಹೊತ್ತಿಕೊಂಡು, ಹಿಗ್ಗಿ, ಪಿಸ್ಟನ್ನನ್ನು ಕೆಳಕ್ಕೆ ತಳ್ಳಬೇಕು. ಮಿಶ್ರಣವು ಮದ್ದಿನಂತೆ ಒಂದೇ ಸಲಕ್ಕೆ ಸಿಡಿಯುವುದೆಂದು ಅನೇಕರು ತಿಳಿದಿರುವರು. ಅದು ತಪ್ಪು. ಒಣ ಹುಲ್ಲಿನ ಬಯಲಿಗೆ ಒಂದು ಮೂಲೆಯಲ್ಲಿ ಬೆಂಕಿ ತಾಗಿದರೆ ಉರಿಯು ಹೇಗೆ ಕ್ರಮವಾಗಿ ಹರಡುವುದೋ ಹಾಗೆ ಪ್ಲಗ್ಗಿನ ಬಳಿ ಹುಟ್ಟಿದ ಉರಿಯು ಇಡೀ ಸಿಲಿಂಡರಿಗೆ ಹರಡಲು ಸ್ವಲ್ಪ ಕಾಲ ಹಿಡಿಯುವುದು.

ಆ ಕಾಲವು ಒಂದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು. ಆದರೂ ಅಷ್ಟರಲ್ಲಿ ಎಂಜಿನ್ನು ಸುಮ್ಮನಿರುವುದಿಲ್ಲ. ಸ್ಥೂಲವಾಗಿ ಸಾವಿರದಲ್ಲಿ ೨ ಪಾಲು ಸೆಕೆಂಡೆಂದು ಇಟ್ಟುಕೊಂಡು ಲೆಕ್ಕ ಹಾಕಬಹುದು. ಮಿನಿಟಿಗೆ ೫೦೦ ಸುತ್ತು ತಿರುಗುವಾಗ ಆ ಅವಧಿಯಲ್ಲಿ ಎಂಜಿನ್ನು ೬ ಡಿಗ್ರಿಗಳಷ್ಟು ತಿರುಗಿರುತ್ತದೆ. ೨೦೦೦ ಸುತ್ತು ತಿರುಗುವಾಗ ೨೪ ಡಿಗ್ರಿಗಳಷ್ಟು ತಿರುಗಿರುತ್ತದೆ. ಆದುದರಿಂದ ವೇಗವು ಹೆಚ್ಚಿದಂತೆಲ್ಲ ಕಿಡಿಯು ಹೆಚ್ಚು ಮುಂಚಿತವಾಗಿ ಹುಟ್ಟಬೇಕು. ಎಂಜಿನ್ನನ್ನು ಹೊರಡಿಸುವಾಗಲಾದರೋ ತುತ್ತತುದಿಯ ಸಮೀಪದಲ್ಲಿಯೇ ಹುಟ್ಟಬೇಕು.

ಈ ಹಿಂದುಮುಂದು ಮಾಡುವ ಕೆಲಸವು ಫೋರ್ಡ್ 'ಎ' ಗಾಡಿಯಲ್ಲಿ ಚಾಲಕನ ಕೈಯಲ್ಲಿರುತ್ತದೆ. ತಿರುಗುಚಕ್ರದ ಕೆಳಗೆ ಎರಡು ಲಿವರುಗಳಿದ್ದು, ಎಡಗಡೆಯದು ಕಿಡಿಯದು, ಬಲಗಡೆಯದು ವೇಗದ್ದು. ಕಿಡಿಯ ಲಿವರನ್ನು ಮೇಲಕ್ಕೆ ಎತ್ತಿದರೆ ಕಿಡಿಯು ತಡವಾಗುವುದು. ಕೆಳಕ್ಕೆ ಇಳಿಸಿದರೆ ಮುಂಚಿತವಾಗುವುದು. ನಂತರ ಬಂದ ಬಹುಮಟ್ಟಿನ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರಿನೊಳಗಿನ ಸಣ್ಣ ತೂಕಗಳು ವೇಗಕ್ಕೆ ತಕ್ಕಂತೆ ಹೊರಕ್ಕೆ ಸರಿದು ಈ ಕೆಲಸವನ್ನು ತಾವೇ ನಡೆಸುವುವು.

೩. ಕಿಡಿಯು ಹುಟ್ಟುವ ಬಗೆ

ಬ್ಯಾಟರಿ, ಕಾಯಿಲು ಮತ್ತು ಪಾಯಿಂಟುಗಳಿಂದ ಕಿಡಿ ಹುಟ್ಟಿಸುವ ಈ ಕ್ರಮವನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬುವರು ರೂಪಿಸಿದರು. ೧೯೧೦ರ ಸುಮಾರಿಗೆ ಅದು ಕ್ಯಾಡಿಲಾಕ್ ಗಾಡಿಯಲ್ಲಿ ಬಳಕೆಗೆ ಬಂದಿತು. ಪಾಯಿಂಟುಗಳು ಕೂಡಿರುವಾಗ ಬ್ಯಾಟರಿಯ ವಿದ್ಯುತ್ತು ಕಾಯಿಲಿನ ಮೊದಲನೆಯ ಸುರುಳಿಯಲ್ಲಿ ಹರಿಯುತ್ತಿರುವುದು. ಕ್ಯಾಮಿನ ಉಬ್ಬು ಪಾಯಿಂಟುಗಳನ್ನು ಅಗಲಿಸಿದ ಕೂಡಲೇ ಆ ಹರಿವು ತಟ್ಟನೆ ಕಡಿದುಹೋಗಿ, ಎರಡನೆಯ ಸುರುಳಿಯಲ್ಲಿ ಅತ್ಯಂತ ಬಲವಾದ ವಿದ್ಯುತ್ತು ಉಂಟಾಗುವುದು. ಅದನ್ನು ರೋಟರು ಸರದಿಯಲ್ಲಿರುವ ಪ್ಲಗ್ಗಿಗೆ ತಲಪಿಸುವುದು. ಪಾಯಿಂಟುಗಳ ಜೊತೆಗೆ ಜೋಡಿಸಿರುವ ಕಂಡೆನ್ಸರು, ಅವು ಅಗಲುವಾಗ ಅಲ್ಲಿಯೇ ಕಿಡಿ ಹಾರಿ ಸುಟ್ಟುಹೋಗದಂತೆ ತಡೆಯುವುದು.

ಇಲ್ಲಿ ನೆನಪಿನಲ್ಲಿಡಬೇಕಾದ ಅಂಶವೊಂದುಂಟು. ಕಿಡಿಯು ಹುಟ್ಟುವುದು ಪಾಯಿಂಟುಗಳು ಕೂಡಿದಾಗಲ್ಲ, ಅಗಲುವ ಕ್ಷಣದಲ್ಲಿ. ಕಿಡಿಯ ಕಾಲವನ್ನು ನೋಡುವುದೆಂದರೆ ಪಾಯಿಂಟುಗಳು ಅಗಲುವ ಕ್ಷಣದಲ್ಲಿ ಪಿಸ್ಟನ್ನು ಎಲ್ಲಿರುವುದೆಂದು ನೋಡುವುದೇ ಹೊರತು ಬೇರೇನೂ ಅಲ್ಲ.

೪. ಕಾಲ ತಪ್ಪಿದುದರ ಲಕ್ಷಣಗಳು

ಕಿಡಿಯು ತಡವಾದಾಗ: ಗಾಡಿಯು ಏರಿನಲ್ಲಿ ಎಳೆಯುವುದಿಲ್ಲ. ವೇಗದ ಪೆಡಲನ್ನು ಒತ್ತಿದರೂ ಮಂದವಾಗಿಯೇ ಮುಂದುವರಿಯುವುದು. ಉರಿಯು ಮುಗಿಯುವುದಕ್ಕೆ ಮೊದಲೇ ಹೊಗೆಯ ಕವಾಟವು ತೆರೆಯುವುದರಿಂದ ಶಾಖವೆಲ್ಲ ಹೊಗೆಯ ಕೊಳವೆಗೆ ಹೋಗಿ, ಕೊಳವೆಯ ಬುಡವು ಕೆಂಪಗೆ ಕಾಯಬಹುದು, ಕವಾಟಗಳು ಸುಡಬಹುದು, ರೇಡಿಯೇಟರಿನ ನೀರು ಕುದಿಯುವುದು. ಸೈಲೆನ್ಸರಿನಲ್ಲಿ ಪಟಪಟನೆ ಸದ್ದಾಗುವುದೂ ಉಂಟು. ಪೆಟ್ರೋಲು ಹೆಚ್ಚಾಗಿ ಖರ್ಚಾಗುವುದು.

ಕಿಡಿಯು ಅತಿ ಮುಂಚಿತವಾದಾಗ: ಹೊರಡಿಸುವಾಗ ಹ್ಯಾಂಡಲು ಹಿಂದಕ್ಕೆ ಒದೆಯುವುದು, ಅಥವಾ ಸ್ಟಾರ್ಟರು ತಡೆದು ತಡೆದು ತಿರುಗುವುದು. ನಿಧಾನ ಗತಿಯಲ್ಲಿ ಎಂಜಿನ್ನು ಕುಲುಕುವುದು. ಹೊರೆ ಬಿದ್ದಾಗ ಒಳಗಿನಿಂದ ಲೋಹವನ್ನು ಸಣ್ಣ ಸುತ್ತಿಗೆಯಿಂದ ಬಡಿದಂತೆ ಸದ್ದು ಕೇಳುವುದು. ಉರಿಯು ಇನ್ನೂ ಮುಟ್ಟದಿರುವ ಕಡೆಯ ಮಿಶ್ರಣವು ಒತ್ತಡದಿಂದಲೂ ಶಾಖದಿಂದಲೂ ತಾನಾಗಿಯೇ ಹೊತ್ತಿಕೊಳ್ಳುವುದರಿಂದ ಈ ಬಡಿತವುಂಟಾಗುವುದು. ಇದನ್ನು ಬಹಳ ಕಾಲ ಸಹಿಸಿದರೆ ಪಿಸ್ಟನ್ನಿನ ನೆತ್ತಿಯೂ ಬೇರಿಂಗುಗಳೂ ಹಾಳಾಗುವುವು.

೫. ಕಿಡಿಯ ಕಾಲದ ವೇಷ ಹಾಕುವ ಬೇರೆ ದೋಷಗಳು

ಮೇಲೆ ಹೇಳಿದ ಲಕ್ಷಣಗಳು ಕಂಡ ಮಾತ್ರಕ್ಕೆ ಕಿಡಿಯ ಕಾಲವೇ ತಪ್ಪಿದೆಯೆಂದು ನಿರ್ಧರಿಸಕೂಡದು. ಬೆಳೆಯ ಎಲೆಯು ಹಳದಿಯಾಗಲು ನೀರಿನ ಹೆಚ್ಚಳವೂ ಗೊಬ್ಬರದ ಕೊರತೆಯೂ ಬೇರಿನ ಹುಳುವೂ ಕಾರಣವಾಗಬಹುದಷ್ಟೆ, ಇಲ್ಲಿಯೂ ಹಾಗೆಯೇ.

(ಅ) ಕಾರ್ಬುರೇಟರಿನೊಳಕ್ಕೆ ಎಂಜಿನ್ನು ಕೆಮ್ಮುತ್ತಿದ್ದರೆ ಮಿಶ್ರಣದಲ್ಲಿ ಪೆಟ್ರೋಲಿನ ಭಾಗವು ಕಡಮೆಯಾಗಿರಬಹುದು, ಅಥವಾ ಕೊಳವೆಯ ಜೋಡಣೆಯಲ್ಲಿ ಗಾಳಿಯು ನುಸುಳುತ್ತಿರಬಹುದು.

(ಆ) ನೀರು ಕುದಿಯುತ್ತಿದ್ದರೆ ರೇಡಿಯೇಟರು ಕಟ್ಟಿಕೊಂಡಿರಬಹುದು, ಫ್ಯಾನಿನ ಬೆಲ್ಟು ಸಡಿಲವಾಗಿರಬಹುದು.

(ಇ) ಪಾಯಿಂಟುಗಳು ಕಪ್ಪಾಗಿ ಸುಟ್ಟು, ಪ್ಲಗ್ಗಿನ ಕಿಡಿಯು ಬಡಕಲಾಗಿದ್ದರೆ ಕಂಡೆನ್ಸರನ್ನು ಸಂಶಯಿಸಬೇಕು.

(ಈ) ಒಂದು ಸಿಲಿಂಡರು ಮಾತ್ರ ತಪ್ಪುತ್ತಿದ್ದರೆ ಕಾಲದ ದೋಷವಲ್ಲ. ಆ ಪ್ಲಗ್ಗು, ಅದರ ತಂತಿ ಅಥವಾ ಆ ಸಿಲಿಂಡರಿನ ಕವಾಟವನ್ನು ನೋಡಬೇಕು. ಕಾಲದ ದೋಷವು ಸಾಮಾನ್ಯವಾಗಿ ಎಲ್ಲ ಸಿಲಿಂಡರುಗಳಿಗೂ ಸಮಾನವಾಗಿರುತ್ತದೆ.

(ಉ) ಫೋರ್ಡ್ 'ಎ' ಗಾಡಿಯಲ್ಲಿ ಕಿಡಿಯ ಲಿವರಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಲಾಕೆಯ ಕೀಲು ಸಡಿಲವಾಗಿದ್ದರೆ ಲಿವರು ಮಾತ್ರ ಚಲಿಸಿ ಪಾಯಿಂಟಿನ ತಟ್ಟೆಯು ಚಲಿಸದೆ ಉಳಿಯುವುದು. ಚಾಲಕನು ಲಿವರನ್ನು ಕೆಳಕ್ಕೆ ಇಳಿಸಲು ಮರೆತು ಇಡೀ ದಾರಿಯನ್ನು ತಡವಾದ ಕಿಡಿಯಿಂದಲೇ ಸವೆಸುವುದೂ ಉಂಟು. ಇವೆರಡಕ್ಕೂ ಒಂದು ಕಾಸಿನ ಖರ್ಚೂ ಇಲ್ಲ. ಮೊದಲು ಇವನ್ನೇ ನೋಡತಕ್ಕದ್ದು.

೬. ಮೊದಲನೆಯ ನಿಯಮ: ಅಂತರ ಮೊದಲು, ಕಾಲ ಆಮೇಲೆ

ಪಾಯಿಂಟುಗಳು ಪೂರ್ತಿಯಾಗಿ ಅಗಲಿರುವಾಗ ಅವುಗಳ ನಡುವಣ ಅಂತರವು ಫೋರ್ಡ್ 'ಎ' ಎಂಜಿನ್ನಿನಲ್ಲಿ ಅಂಗುಲದ ಸಾವಿರದಲ್ಲಿ ೧೮ರಿಂದ ೨೨ ಪಾಲಿನೊಳಗೆ ಇರಬೇಕು. ಈ ಅಂತರಕ್ಕೂ ಕಿಡಿಯ ಕಾಲಕ್ಕೂ ಬಿಡಿಸಲಾರದ ಸಂಬಂಧವಿದೆ. ಅಂತರವು ಹೆಚ್ಚಾಗಿದ್ದರೆ ಕ್ಯಾಮಿನ ಉಬ್ಬು ಪಾಯಿಂಟುಗಳನ್ನು ಬೇಗನೆ ಅಗಲಿಸುವುದು, ಕಿಡಿಯು ಮುಂಚಿತವಾಗುವುದು. ಅಂತರವು ಕಡಮೆಯಾದರೆ ತಡವಾಗಿ ಅಗಲುವುವು, ಕಿಡಿಯೂ ತಡವಾಗುವುದು.

ಕ್ಯಾಮನ್ನು ಒರಸುತ್ತಿರುವ ಫೈಬರ್ ತುಂಡು ದಿನದಿನಕ್ಕೆ ಸವೆಯುವುದರಿಂದ ಅಂತರವು ತಾನಾಗಿಯೇ ಕಡಮೆಯಾಗುತ್ತ ಹೋಗುವುದು. ಬಹುತೇಕ ಹಳೆಯ ಗಾಡಿಗಳಲ್ಲಿ ಕಿಡಿಯು ತಡವಾಗುವುದಕ್ಕೆ ಈ ಸವೆತವೇ ಮೂಲ. ಆದುದರಿಂದ ಅಂತರವನ್ನು ಅಳೆಯದೆ ಕಿಡಿಯ ಕಾಲವನ್ನು ತಿರುಗಿಸುವುದು, ತಕ್ಕಡಿಯ ತಟ್ಟೆಗೆ ಅಂಟಿದ ಮಣ್ಣನ್ನು ಒರಸದೆ ತೂಕದ ಕಲ್ಲನ್ನು ಬದಲಿಸಿದಂತಾಗುವುದು.

ಅಂತರವನ್ನು ಸರಿಪಡಿಸುವ ಕ್ರಮ: ಎಂಜಿನ್ನನ್ನು ಕೈಯಿಂದ ತಿರುಗಿಸಿ ಫೈಬರ್ ತುಂಡು ಕ್ಯಾಮಿನ ಉಬ್ಬಿನ ನೆತ್ತಿಯ ಮೇಲೆ ನಿಲ್ಲುವಂತೆ ಮಾಡಬೇಕು. ಪಾಯಿಂಟುಗಳ ಮುಖವು ಒರಟಾಗಿದ್ದರೆ ಸಣ್ಣ ಹಲ್ಲಿನ ತೆಳು ಅರದಿಂದ ಉಜ್ಜಿ ಸಮಮಾಡಬೇಕು. ಉಪ್ಪುಕಾಗದವನ್ನು ಉಪಯೋಗಿಸಕೂಡದು, ಅದರ ಕಣಗಳು ಮುಖಕ್ಕೆ ಅಂಟಿಕೊಂಡು ಪಾಯಿಂಟುಗಳನ್ನು ಸುಡುವುವು. ಬಳಿಕ ಬಿಗಿ ತಿರುಪನ್ನು ಸಡಿಲಿಸಿ, ಫೀಲರ್ ಗೇಜಿನ ತಗಡು ಲಘುವಾಗಿ ತಾಗಿಕೊಂಡು ಸರಿಯುವಷ್ಟಕ್ಕೆ ಅಂತರವನ್ನು ಹೊಂದಿಸಿ, ತಿರುಪನ್ನು ಬಿಗಿದು, ಪುನಃ ಅಳೆಯಬೇಕು. ಬಿಗಿಯುವಾಗ ಅಂತರವು ಬದಲಾಗುವುದು ಸಾಮಾನ್ಯ. ಕ್ಯಾಮಿನ ನಾಲ್ಕು ಉಬ್ಬುಗಳ ಮೇಲೂ ಅಳೆದು ನೋಡಬೇಕು. ಅಳತೆಯು ಒಂದೊಂದು ಉಬ್ಬಿಗೂ ಬೇರೆಬೇರೆಯಾಗಿ ಬಂದರೆ ಡಿಸ್ಟ್ರಿಬ್ಯೂಟರಿನ ಅಚ್ಚಿನ ಬುಷ್ಷು ಸವೆದಿರಬಹುದು. ಅದನ್ನು ಬದಲಿಸುವವರೆಗೆ ಕಿಡಿಯ ಕಾಲವು ಎಂದಿಗೂ ಸ್ಥಿರವಾಗಿ ನಿಲ್ಲದು. ಕ್ಯಾಮಿಗೆ ಕಡಲೆಕಾಳಿಗಿಂತಲೂ ಕಡಮೆ ಗ್ರೀಸನ್ನು ಸವರಬಹುದು. ಪಾಯಿಂಟುಗಳಿಗೆ ಮಾತ್ರ ಎಣ್ಣೆಯ ಸೋಂಕು ಇರಕೂಡದು.

ಪ್ಲಗ್ಗುಗಳ ಅಂತರವನ್ನೂ ಇದೇ ಸಮಯದಲ್ಲಿ ನೋಡಿಕೊಳ್ಳಬೇಕು. ಈ ಎಂಜಿನ್ನಿಗೆ ಅದು ಅಂಗುಲದ ಸಾವಿರದಲ್ಲಿ ೩೫ ಪಾಲು.

೭. ಫೋರ್ಡ್ 'ಎ' ಎಂಜಿನ್ನಿನಲ್ಲಿ ಕಿಡಿಯ ಕಾಲವನ್ನು ಹೊಂದಿಸುವ ಕ್ರಮ

ಬೇಕಾದ ಹತ್ಯಾರುಗಳು: ಸ್ಪ್ಯಾನರು, ತಿರುಪುಳಿ, ಫೀಲರ್ ಗೇಜು ಮತ್ತು ೬ ವೋಲ್ಟಿನ ಒಂದು ಸಣ್ಣ ದೀಪ.

ಮೊದಲನೆಯದಾಗಿ, ಗೇರನ್ನು ತಟಸ್ಥವಾಗಿಟ್ಟು, ಕೈಬ್ರೇಕನ್ನು ಎಳೆದು, ಗಾಲಿಗಳಿಗೆ ಕಲ್ಲನ್ನು ಒತ್ತುಕೊಡಬೇಕು. ಸ್ವಿಚ್ಚು ಆರಿರಬೇಕು. ಪ್ಲಗ್ಗುಗಳನ್ನು ಬಿಚ್ಚಿದರೆ ಎಂಜಿನ್ನನ್ನು ಸುಲಭವಾಗಿ ತಿರುಗಿಸಬಹುದು.

ಎರಡನೆಯದಾಗಿ, ಕಿಡಿಯ ಲಿವರನ್ನು ಪೂರ್ತಿಯಾಗಿ ಮೇಲಕ್ಕೆ ಎತ್ತಬೇಕು. ಪಾಯಿಂಟಿನ ತಟ್ಟೆಯು ತನ್ನ ಕೊನೆಯವರೆಗೆ ತಿರುಗಿ ನಿಂತಿದೆಯೇ ಎಂದು ಕಣ್ಣಾರೆ ನೋಡಬೇಕು.

ಮೂರನೆಯದಾಗಿ, ಎಂಜಿನ್ನಿನ ಮುಂದುಗಡೆಯ ಹಲ್ಲುಚಕ್ರದ ಮುಚ್ಚಳದಲ್ಲಿ ತಿರುಪಿನಿಂದ ಕೂಡಿಸಿರುವ ಒಂದು ಸೂಚಕ ಮೊಳೆಯನ್ನು ಕಾಣಬಹುದು. ಅದನ್ನು ಬಿಚ್ಚಿ, ಹಿಂದುಮುಂದು ಮಾಡಿ, ದುಂಡಗಿರುವ ತುದಿಯು ಒಳಗೆ ಹೋಗುವಂತೆ ರಂಧ್ರದಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿಹಿಡಿಯಬೇಕು. ಇನ್ನೊಬ್ಬನು ಹ್ಯಾಂಡಲನ್ನು ಅತಿ ನಿಧಾನವಾಗಿ ತಿರುಗಿಸಬೇಕು. ಕ್ಯಾಮಿನ ಅಚ್ಚಿನ ಹಲ್ಲುಚಕ್ರದಲ್ಲಿರುವ ಸಣ್ಣ ಗುಳಿಯು ಎದುರಿಗೆ ಬಂದಾಗ ಮೊಳೆಯು ಅದರೊಳಕ್ಕೆ ಇಳಿಯುವುದು ಬೆರಳಿಗೆ ತಿಳಿಯುತ್ತದೆ. ಆಗ ೧ನೆಯ ಸಿಲಿಂಡರಿನ ಪಿಸ್ಟನ್ನು ಅದುಮುವ ಹೊಡೆತದ ತುತ್ತತುದಿಯಲ್ಲಿರುತ್ತದೆ. ಕ್ಯಾಮಿನ ಅಚ್ಚು ಎಂಜಿನ್ನಿನ ಎರಡು ಸುತ್ತಿಗೆ ಒಂದೇ ಸುತ್ತು ತಿರುಗುವುದರಿಂದ, ಪಿಸ್ಟನ್ನು ಅದುಮುವ ಹೊಡೆತದಲ್ಲಿದೆಯೋ ಹೊಗೆಯನ್ನು ಹೊರದೂಡುವ ಹೊಡೆತದಲ್ಲಿದೆಯೋ ಎಂಬ ಸಂಶಯಕ್ಕೆ ಇಲ್ಲಿ ಎಡೆಯಿಲ್ಲ.

ನಾಲ್ಕನೆಯದಾಗಿ, ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ರೋಟರನ್ನೂ ತೆಗೆದು, ಕ್ಯಾಮಿನ ನೆತ್ತಿಯಲ್ಲಿರುವ ಬಿಗಿ ತಿರುಪನ್ನು ಸಡಿಲಿಸಬೇಕು. ರೋಟರನ್ನು ಮತ್ತೆ ಇಟ್ಟು, ಅದರ ತುದಿಯು ೧ನೆಯ ಪ್ಲಗ್ಗಿಗೆ ಹೋಗುವ ಸಂಪರ್ಕದ ಎದುರಿಗೆ ಬರುವಂತೆ ಕ್ಯಾಮನ್ನು ತಿರುಗಿಸಬೇಕು. ಈ ಗಾಡಿಯಲ್ಲಿ ರೋಟರು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವುದು. ಆ ದಿಕ್ಕಿಗೇ ಕೂದಲೆಳೆಯಷ್ಟಷ್ಟಾಗಿ ಕ್ಯಾಮನ್ನು ಸರಿಸುತ್ತ, ಪಾಯಿಂಟುಗಳು ಅಗಲಲು ತೊಡಗಿದ ಕ್ಷಣದಲ್ಲಿ ನಿಲ್ಲಿಸಿ, ತಿರುಪನ್ನು ಬಿಗಿಯಬೇಕು.

ಐದನೆಯದಾಗಿ, ಆ ಕ್ಷಣವನ್ನು ಕಣ್ಣಿನಿಂದ ನಿರ್ಣಯಿಸುವುದು ಕಷ್ಟ. ಆದುದರಿಂದ ದೀಪದ ಒಂದು ತಂತಿಯನ್ನು ಕಾಯಿಲಿನಿಂದ ಪಾಯಿಂಟಿಗೆ ಬರುವ ತಂತಿಯ ತುದಿಗೂ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ತಾಗಿಸಿ, ಸ್ವಿಚ್ಚನ್ನು ಹಾಕಬೇಕು. ಪಾಯಿಂಟುಗಳು ಕೂಡಿರುವವರೆಗೆ ದೀಪವು ಆರಿರುವುದು. ಅಗಲಿದ ಕೂಡಲೇ ಹೊತ್ತುವುದು. ದೀಪವಿಲ್ಲದಿದ್ದರೆ ಪಾಯಿಂಟುಗಳ ನಡುವೆ ಅತಿ ತೆಳುವಾದ ಕಾಗದದ ಚೂರನ್ನಿಟ್ಟು ಮೆಲ್ಲಗೆ ಎಳೆಯುತ್ತಿರಬಹುದು; ಅಗಲುವ ಕ್ಷಣದಲ್ಲಿ ಅದು ಬಿಡಿಸಿಕೊಂಡು ಬರುವುದು. ಕಾಗದವನ್ನು ಉಪಯೋಗಿಸಿದರೆ ಅದರ ನಾರು ಪಾಯಿಂಟಿನಲ್ಲಿ ಉಳಿಯದಂತೆ ನೋಡಿಕೊಳ್ಳಬೇಕು. ಪರೀಕ್ಷಿಸುವಾಗ ರೋಟರನ್ನು ಅದು ತಿರುಗುವ ದಿಕ್ಕಿಗೆ ಎದುರಾಗಿ ಬೆರಳಿನಿಂದ ಲಘುವಾಗಿ ಒತ್ತಿಹಿಡಿದರೆ ಹಲ್ಲುಗಳ ನಡುವಣ ಸಡಿಲವು ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಮುಗಿದ ಕೂಡಲೇ ಸ್ವಿಚ್ಚನ್ನು ಆರಿಸಬೇಕು. ಇಲ್ಲವಾದರೆ ಕಾಯಿಲು ಕಾಯುವುದು.

ಆರನೆಯದಾಗಿ, ಸೂಚಕ ಮೊಳೆಯನ್ನು ಹೊರತೆಗೆದು, ಮೊದಲಿನಂತೆ ತಿರುಗಿಸಿ ಸ್ವಸ್ಥಾನದಲ್ಲಿ ಬಿಗಿಯಬೇಕು. ಇದನ್ನು ಮರೆತು ಎಂಜಿನ್ನನ್ನು ಹೊರಡಿಸಿದಲ್ಲಿ ಮೊಳೆಯೂ ಹಲ್ಲುಚಕ್ರವೂ ಕೆಡುವ ಭಯವುಂಟು.

ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ಹೊತ್ತುವ ಸರದಿಯು ೧, ೨, ೪, ೩. ಡಿಸ್ಟ್ರಿಬ್ಯೂಟರಿನಿಂದ ಪ್ಲಗ್ಗುಗಳಿಗೆ ತಂತಿಗಳ ಬದಲು ಚಪ್ಪಟೆಯಾದ ಹಿತ್ತಾಳೆಯ ಪಟ್ಟಿಗಳಿರುವುದರಿಂದ ಸರದಿಯನ್ನು ತಪ್ಪಿಸುವ ಸಂಭವವು ಕಡಮೆ.

೮. ಜೀಪು ಮೊದಲಾದ ಗಾಡಿಗಳಲ್ಲಿ

ವಿಲ್ಲಿಸ್ ಜೀಪಿನ ಹಳೆಯ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಮೇಲಿನ ಅಂಕಿಗಳು ಸಲ್ಲುವುದಿಲ್ಲ. ಅಲ್ಲಿ ಹೊತ್ತುವ ಸರದಿಯು ೧, ೩, ೪, ೨. ಪಾಯಿಂಟುಗಳ ಅಂತರವು ಅಂಗುಲದ ಸಾವಿರದಲ್ಲಿ ೨೦ ಪಾಲು, ಪ್ಲಗ್ಗುಗಳದು ೩೦ ಪಾಲು. ಕಿಡಿಯು ತುತ್ತತುದಿಗೆ ೫ ಡಿಗ್ರಿ ಮೊದಲು ಹುಟ್ಟಬೇಕು. ಇದನ್ನು ತೋರಿಸುವ ಗುರುತನ್ನು ಯುದ್ಧಕಾಲದ ಜೀಪುಗಳಲ್ಲಿ ಎಂಜಿನ್ನಿನ ಹಿಂದಿನ ಭಾರಚಕ್ರದ ಮೇಲೆ ಕೊರೆದಿದ್ದು, ಅದರ ಕವಚದಲ್ಲಿರುವ ಸಣ್ಣ ಕಿಂಡಿಯಿಂದ ನೋಡಬಹುದು.

ಇಲ್ಲಿ ೧ನೆಯ ಸಿಲಿಂಡರು ಅದುಮುವ ಹೊಡೆತದಲ್ಲಿದೆಯೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಪ್ಲಗ್ಗಿನ ರಂಧ್ರಕ್ಕೆ ಹೆಬ್ಬೆರಳನ್ನು ಒತ್ತಿ ಹಿಡಿದು ಎಂಜಿನ್ನನ್ನು ತಿರುಗಿಸಿದರೆ, ಗಾಳಿಯು ಬೆರಳನ್ನು ತಳ್ಳುವುದು ಅದುಮುವ ಹೊಡೆತದಲ್ಲಿ ಮಾತ್ರ. ಬಳಿಕ ಗುರುತು ಸೂಚಿಗೆ ನೇರವಾಗುವವರೆಗೆ ತಿರುಗಿಸಿ, ಡಿಸ್ಟ್ರಿಬ್ಯೂಟರಿನ ಹಿಡಿಕೆಯ ತಿರುಪನ್ನು ಸಡಿಲಿಸಿ, ದೀಪವು ಹೊತ್ತುವ ಸ್ಥಳದಲ್ಲಿ ಅದರ ಒಡಲನ್ನು ನಿಲ್ಲಿಸಿ ಬಿಗಿಯಬೇಕು. ಒಡಲನ್ನು ತಿರುಗಿಸುವ ಎಲ್ಲ ಗಾಡಿಗಳಿಗೂ ಅನ್ವಯಿಸುವ ಸೂತ್ರವಿದು: ರೋಟರು ತಿರುಗುವ ದಿಕ್ಕಿಗೆ ಎದುರಾಗಿ ಒಡಲನ್ನು ತಿರುಗಿಸಿದರೆ ಕಿಡಿಯು ಮುಂಚಿತವಾಗುವುದು, ಅದೇ ದಿಕ್ಕಿಗೆ ತಿರುಗಿಸಿದರೆ ತಡವಾಗುವುದು.

ಮಿಂಚುವ ಟೈಮಿಂಗ್ ದೀಪವು ದೊರೆಯುವಲ್ಲಿ, ಅದನ್ನು ೧ನೆಯ ಪ್ಲಗ್ಗಿನ ತಂತಿಗೆ ಜೋಡಿಸಿ, ಎಂಜಿನ್ನು ನಿಧಾನ ಗತಿಯಲ್ಲಿ ಓಡುತ್ತಿರುವಾಗಲೇ ಗುರುತನ್ನು ಪರೀಕ್ಷಿಸಬಹುದು. ವೇಗವನ್ನು ಹೆಚ್ಚಿಸಿದಾಗ ಗುರುತು ಕ್ರಮವಾಗಿ ಮುಂಚಿತವಾಗುವ ಕಡೆಗೆ ಸರಿಯಬೇಕು. ಸರಿಯದಿದ್ದರೆ ಒಳಗಿನ ತೂಕಗಳು ತುಕ್ಕು ಹಿಡಿದು ಅಂಟಿಕೊಂಡಿವೆಯೆಂದು ತಿಳಿಯಬೇಕು. ಡಿಸ್ಟ್ರಿಬ್ಯೂಟರಿಗೆ ಎಂಜಿನ್ನಿನ ಗಾಳಿ ಸೆಳೆತದ ಸಣ್ಣ ಕೊಳವೆಯಿರುವ ಗಾಡಿಗಳಲ್ಲಿ, ತಯಾರಕರ ಪುಸ್ತಕದಲ್ಲಿ ಹಾಗೆ ಹೇಳಿದ್ದರೆ, ಪರೀಕ್ಷೆಯ ಕಾಲದಲ್ಲಿ ಅದನ್ನು ಬಿಚ್ಚಿ ತುದಿಯನ್ನು ಮುಚ್ಚಿರಬೇಕು.

೯. ಒಂದು ನಿದರ್ಶನ

ಕ್ರಮ ತಪ್ಪಿದರೆ ಏನಾಗುವುದೆಂಬುದನ್ನು ತಿಳಿಯಲು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಒಬ್ಬ ತೋಟದ ಯಜಮಾನನು ತಂದೆಯ ಕಾಲದ ಫೋರ್ಡ್ ಗಾಡಿಯನ್ನು ಮಗಳ ಮದುವೆಗೆಂದು ಕೊಟ್ಟಿಗೆಯಿಂದ ಹೊರತೆಗೆದನು. ಗಾಡಿಯು ಸಮನಾದ ದಾರಿಯಲ್ಲಿ ಓಡಿದರೂ ಏರಿನಲ್ಲಿ ನೀರು ಕುದಿಯುವುದು. ಮೊದಲು ರೇಡಿಯೇಟರನ್ನು ತೊಳೆಸಿದನು, ಗುಣವಾಗಲಿಲ್ಲ. ಕಾರ್ಬುರೇಟರನ್ನು ಬಿಚ್ಚಿಸಿದನು, ಅದರಿಂದಲೂ ಗುಣವಾಗಲಿಲ್ಲ. ಕಡೆಗೆ ಒಬ್ಬ ಕೆಲಸಗಾರನು, ಕಿಡಿಯು ತಡವಾಗಿದೆಯೆಂದು ಸರಿಯಾಗಿಯೇ ಊಹಿಸಿ, ಅಳತೆಯಿಲ್ಲದೆ ಸದ್ದನ್ನು ಕೇಳಿಕೊಂಡು ಕ್ಯಾಮನ್ನು ಮುಂದಕ್ಕೆ ಸರಿಸಿದನು. ಗಾಡಿಯು ಏರನ್ನು ಹತ್ತಿತು. ಎಲ್ಲರಿಗೂ ಸಂತೋಷವಾಯಿತು.

ತಡವಾದುದಕ್ಕೆ ನಿಜವಾದ ಕಾರಣವು ಬೇರೆಯೇ ಇತ್ತು. ಫೈಬರ್ ತುಂಡು ಸವೆದು ಪಾಯಿಂಟುಗಳ ಅಂತರವು ೨೦ರ ಬದಲು ೮ ಪಾಲಿಗೆ ಇಳಿದಿತ್ತು. ಕೆಲವು ದಿನಗಳಾದ ಮೇಲೆ ಯಜಮಾನನು, ಪಾಯಿಂಟುಗಳು ಕರಿಯಾಗಿರುವುದನ್ನು ಕಂಡು, ತಾನೇ ಅವನ್ನು ಉಜ್ಜಿ ಅಂತರವನ್ನು ಪುಸ್ತಕದಲ್ಲಿ ಹೇಳಿದಂತೆ ೨೦ ಪಾಲಿಗೆ ಹೊಂದಿಸಿದನು. ಅವನು ಮಾಡಿದ ಕೆಲಸವು ಸರಿಯೇ. ಆದರೆ ಅಂತರವು ಹೆಚ್ಚಿದುದರಿಂದ ಕಿಡಿಯು ಮುಂಚಿತವಾಯಿತು. ಕೆಲಸಗಾರನು ಸರಿಸಿದ್ದು ಅದರ ಮೇಲೆ ಕೂಡಿಕೊಂಡಿತು. ಲಿವರು ಪೂರ್ತಿ ಮೇಲಿದ್ದರೂ ಕಿಡಿಯು ತುತ್ತತುದಿಗೆ ಎಷ್ಟೋ ಮೊದಲೇ ಹುಟ್ಟತೊಡಗಿತು. ಮರುದಿನ ಬೆಳಗ್ಗೆ ಬ್ಯಾಟರಿಯು ಇಳಿದಿದ್ದುದರಿಂದ ಮನೆಯ ಆಳು ಹ್ಯಾಂಡಲನ್ನು ಹಿಡಿದು ತಿರುಗಿಸಿದನು. ಹ್ಯಾಂಡಲು ಹಿಂದಕ್ಕೆ ಒದೆದು ಅವನ ಮುಂಗೈಯ ಮೂಳೆಯು ಮುರಿಯಿತು.

ಇಲ್ಲಿ ಇಬ್ಬರೂ ತಮತಮಗೆ ತೋರಿದಂತೆ ಸರಿಯಾದುದನ್ನೇ ಮಾಡಿದರು. ಮೊದಲು ಮಾಡತಕ್ಕದ್ದನ್ನು ಆಮೇಲೆ ಮಾಡಿದುದೇ ತಪ್ಪು. ಅದರ ಬೆಲೆಯನ್ನು ತೆತ್ತವನು ಎರಡರಲ್ಲಿಯೂ ಕೈಹಾಕದ ಮೂರನೆಯವನು. ಪ್ರಾರಂಭದಲ್ಲಿಯೇ ಫೀಲರ್ ಗೇಜನ್ನು ಹಿಡಿದಿದ್ದರೆ ಅರ್ಧ ಗಂಟೆಯಲ್ಲಿ, ಏನೂ ಖರ್ಚಿಲ್ಲದೆ, ಗಾಡಿಯು ಸರಿಹೋಗುತ್ತಿದ್ದಿತು. ಆದುದರಿಂದ ಪಾಯಿಂಟುಗಳನ್ನು ಮುಟ್ಟಿದಾಗಲೆಲ್ಲ ಕಿಡಿಯ ಕಾಲವನ್ನು ಪುನಃ ಪರೀಕ್ಷಿಸದೆ ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಡಕೂಡದು.

೧೦. ಎಚ್ಚರಿಕೆಗಳು

ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಗಾಡಿಯಲ್ಲಿ ಬರುವುದಕ್ಕೆ ಮೊದಲು ಹ್ಯಾಂಡಲಿನ ಒದೆತದಿಂದ ಕೈ ಮುರಿದುಕೊಂಡವರು ಬಹಳ ಮಂದಿ. ಹ್ಯಾಂಡಲಿನಿಂದ ಹೊರಡಿಸಲೇಬೇಕಾದಲ್ಲಿ ಕಿಡಿಯ ಲಿವರು ಪೂರ್ತಿ ಮೇಲಿದೆಯೆಂದು ಮೊದಲು ನೋಡಬೇಕು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ, ಉಳಿದ ನಾಲ್ಕು ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕು. ಒದೆದರೆ ಹ್ಯಾಂಡಲು ಬೆರಳುಗಳಿಂದ ಜಾರಿಹೋಗುವುದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು ಮೈಭಾರ ಹಾಕಿ ಕೆಳಕ್ಕೆ ಒತ್ತಕೂಡದು.

ಎಂಜಿನ್ನು ಓಡುತ್ತಿರುವಾಗ ಪರೀಕ್ಷಿಸುವವರು ಪಂಚೆಯ ಅಂಚನ್ನೂ ವಲ್ಲಿಯನ್ನೂ ಬಿಗಿದು ಕಟ್ಟಿಕೊಳ್ಳಬೇಕು. ಫ್ಯಾನು ಬಟ್ಟೆಯನ್ನು ಹಿಡಿದರೆ ಬಿಡದು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ಓಡಿಸಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದರೆ ಪ್ರಾಣ ತೆಗೆಯುವುದು. ಕಿಡಿಯನ್ನು ಪರೀಕ್ಷಿಸುವಾಗ ಹತ್ತಿರದಲ್ಲಿ ಪೆಟ್ರೋಲಿನ ಡಬ್ಬಿಯಾಗಲಿ, ಅದರಲ್ಲಿ ಅದ್ದಿದ ಬಟ್ಟೆಯಾಗಲಿ ಇರಕೂಡದು.

೧೧. ಈಗಿನ ಪೆಟ್ರೋಲಿನ ವಿಷಯ

ಹಿಂದಿನ ಕೆಲಸಗಾರರು ಬಡಿತದ ಸದ್ದು ಕೇಳುವವರೆಗೆ ಕಿಡಿಯನ್ನು ಮುಂದಕ್ಕೆ ಸರಿಸಿ, ಸದ್ದು ನಿಲ್ಲುವಷ್ಟು ಹಿಂದಕ್ಕೆ ತರುತ್ತಿದ್ದರು. ಅಂದಿನ ಪೆಟ್ರೋಲು ಬೇಗನೆ ಬಡಿಯುತ್ತಿದ್ದುದರಿಂದ ಆ ವಿಧಾನವು ನಡೆಯುತ್ತಿತ್ತು. ಬಡಿತವನ್ನು ತಡೆಯುವ ಸೀಸದ ಸಂಯುಕ್ತವನ್ನು ೧೯೨೧ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲೆ ಎಂಬುವರು ಕಂಡುಹಿಡಿದರು. ಆರೋಗ್ಯಕ್ಕೆ ಹಾನಿಕರವಾದುದರಿಂದ ಭಾರತದಲ್ಲಿ ೨೦೦೦ನೆಯ ಇಸವಿಯಲ್ಲಿ ಸೀಸದ ಪೆಟ್ರೋಲನ್ನು ನಿಲ್ಲಿಸಲಾಯಿತು. ಆದರೆ ಸೀಸವಿಲ್ಲದೆಯೇ ಈಗಿನ ಪೆಟ್ರೋಲು ಬಡಿತವನ್ನು ಬಹಳವಾಗಿ ತಡೆಯಬಲ್ಲದು. ಫೋರ್ಡ್ 'ಎ' ಎಂಜಿನ್ನು ಮಿಶ್ರಣವನ್ನು ಅದುಮುವುದು ಸುಮಾರು ನಾಲ್ಕೂಕಾಲು ಪಟ್ಟು ಮಾತ್ರ. ಅಂತಹ ಎ‌ಂಜಿನ್ನಿನಲ್ಲಿ ಕಿಡಿಯು ಅತಿ ಮುಂಚಿತವಾಗಿದ್ದರೂ ಈಗಿನ ಪೆಟ್ರೋಲಿನಿಂದ ಬಡಿತವು ಕೇಳದೆ ಇರಬಹುದು. ಆದುದರಿಂದ ಸದ್ದಿಲ್ಲವೆಂದು ನೆಮ್ಮದಿಗೊಳ್ಳದೆ ಗುರುತು, ಮೊಳೆ ಮತ್ತು ದೀಪಗಳನ್ನೇ ನಂಬಬೇಕು.

ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಆಮ್ಲಜನಕವು ಸೇರಿರುವುದರಿಂದ ಹಳೆಯ ಕಾರ್ಬುರೇಟರಿನ ಮಿಶ್ರಣವು ತೆಳುವಾಗುವುದು; ಎಂಜಿನ್ನು ಕೆಮ್ಮಬಹುದು, ಹೆಚ್ಚು ಕಾಯಬಹುದು. ಇದನ್ನು ಕಿಡಿಯ ದೋಷವೆಂದು ಭ್ರಮಿಸಿ ಡಿಸ್ಟ್ರಿಬ್ಯೂಟರನ್ನು ತಿರುಗಿಸಕೂಡದು. ಕಿಡಿಯ ಕಾಲವು ಗುರುತಿಗೆ ಸರಿಯಾಗಿದೆಯೆಂದು ಖಚಿತವಾದ ಮೇಲೆ ಕಾರ್ಬುರೇಟರನ್ನು ಹೊಂದಿಸತಕ್ಕದ್ದು.

೧೨. ಸಾರಾಂಶ

(೧) ಲಿವರು, ಸಲಾಕೆ, ತಂತಿಗಳನ್ನು ಮೊದಲು ಕಣ್ಣಿನಿಂದ ನೋಡಬೇಕು.

(೨) ಪಾಯಿಂಟುಗಳನ್ನು ಸಮಮಾಡಿ ಅಂತರವನ್ನು ಅಳೆಯಬೇಕು, ಪ್ಲಗ್ಗುಗಳನ್ನೂ ಅಳೆಯಬೇಕು.

(೩) ಅನಂತರವೇ ಕಿಡಿಯ ಕಾಲವನ್ನು ಮೊಳೆಯಿಂದ ಅಥವಾ ಗುರುತಿನಿಂದ ಹೊಂದಿಸಬೇಕು.

(೪) ಎಲ್ಲಕ್ಕಿಂತ ಕಡೆಗೆ ಕಾರ್ಬುರೇಟರನ್ನು ಮುಟ್ಟಬೇಕು.

(೫) ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದುದನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಬೇಕು.

(೬) ಒಂದು ಗಾಡಿಯ ಅಂಕಿಗಳನ್ನು ಇನ್ನೊಂದಕ್ಕೆ ಹಚ್ಚದೆ ಆಯಾ ತಯಾರಕರ ಪುಸ್ತಕವನ್ನು ನೋಡಬೇಕು.

ಈ ಕ್ರಮವನ್ನು ಅನುಸರಿಸುವ ಮಾಲೀಕನಿಗೆ ಬೆಲೆಬಾಳುವ ಉಪಕರಣಗಳು ಬೇಕಾಗಿಲ್ಲ. ಒಂದು ಫೀಲರ್ ಗೇಜು, ಒಂದು ಸಣ್ಣ ದೀಪ, ಸ್ವಲ್ಪ ತಾಳ್ಮೆ, ಇಷ್ಟಿದ್ದರೆ ಸಾಕು. ಕಿಡಿಯ ಹದವನ್ನು ಅರಿತು ನಡೆಸಿದಲ್ಲಿ ಹಿರಿಯರ ಕಾಲದ ಎಂಜಿನ್ನು ಮುಂದಿನ ಪೀಳಿಗೆಗೂ ಕೆಲಸ ಮಾಡುವುದು. ಅದನ್ನು ಹೊರಡಿಸುವವನ ಕೈಯೂ ಸುರಕ್ಷಿತವಾಗಿರುವುದು.